ರೇನಿಯರ್: 12,300 ಅಡಿಯಲ್ಲಿ ಗೈಡ್ ನನ್ನನ್ನು ವಾಪಸ್ ಕಳಿಸಿದ್ದು ಸರಿನಾ?

ಸಾಗರದಕ್ಕ · ಜುಲೈ 22, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮನೆಯಲ್ಲಿ ಹೇಳಿ ಹೇಳಿ ಅವರಿಗೂ ಸಾಕಾಗಿದೆ. ಅದಕ್ಕೇ ಇಲ್ಲಿ ಬಂದೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 44. ಊರು ಸಾಗರ, ಹನ್ನೊಂದು ವರ್ಷದಿಂದ ಸಿಯಾಟಲ್ ಹತ್ತಿರ ಇದ್ದೇವೆ. ಆಫೀಸಿಗೆ ಹೋಗುವಾಗ ಸರೋವರದ ಸೇತುವೆ ಮೇಲೆ ಬಂದ ಕೂಡಲೇ ಎಡಗಡೆ ಮೌಂಟ್ ರೇನಿಯರ್ ಕಾಣುತ್ತದೆ. ಮೋಡ ಇಲ್ಲದ ದಿನ ಮಾತ್ರ. ಅಂಥ ದಿನ ಇಲ್ಲಿಯವರು ‘ಬೆಟ್ಟ ಹೊರಗೆ ಬಂದಿದೆ’ ಅನ್ನುತ್ತಾರೆ, ಮನೆಯ ಅಜ್ಜ ಜಗುಲಿಗೆ ಬಂದು ಕೂತ ಹಾಗೆ. 14,410 ಅಡಿ. ಮೈತುಂಬ ಹಿಮನದಿಗಳು, ಹೊಟ್ಟೆಯಲ್ಲಿ ಜ್ವಾಲಾಮುಖಿ. ಒಂದು ಸಲ ಇದನ್ನು ಹತ್ತಬೇಕು ಅನ್ನೋದು ನಲವತ್ತು ದಾಟಿದ ಮೇಲೆ ಹಿಡಿದ ಹುಚ್ಚು.

ಹಿಮನದಿ ಮೇಲೆ ಒಬ್ಬಳೇ ನಡೆಯುವಷ್ಟು ನನಗೆ ಗೊತ್ತಿಲ್ಲ. ಹಾಗಾಗಿ ಗೈಡ್ ಕಂಪನಿ ಮೂಲಕ ಹೋದೆ. ನಾಲ್ಕು ದಿನ, ಎರಡು ಸಾವಿರ ಡಾಲರ್‌ಗಿಂತ ಜಾಸ್ತಿ. ಬೂಟು, ಕ್ರ್ಯಾಂಪಾನು (ಹಿಮದಲ್ಲಿ ಜಾರದ ಹಾಗೆ ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳು), ಹೆಲ್ಮೆಟ್ಟು ಬಾಡಿಗೆ ಬೇರೆ. ಕಂಪನಿ ಹೆಸರು, ಗೈಡ್ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಮೊದಲ ದಿನ ಚೀಲದ ತಪಾಸಣೆ. ಪ್ರತಿಯೊಂದು ಸಾಮಾನನ್ನೂ ನೆಲದ ಮೇಲೆ ಹರಡಿ ತೋರಿಸಬೇಕು. ನನ್ನ ಕಾಟನ್ ಬನಿಯನ್ನನ್ನು ಗೈಡ್ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರು. ಬೆವರಿಗೆ ಒದ್ದೆಯಾದರೆ ಒಣಗಲ್ಲ, ಮೇಲೆ ಅದೇ ಚಳಿಗೆ ಕಾರಣ ಅಂತ. ಎರಡನೇ ದಿನ ಹಿಮದಲ್ಲಿ ಪಾಠ. ಇದು ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಒಂದೊಂದು ಹೆಜ್ಜೆಗೂ ಹಿಂದಿನ ಮೊಣಕಾಲನ್ನು ನೆಟ್ಟಗೆ ಮಾಡಿ ಅರೆಕ್ಷಣ ನಿಲ್ಲುವುದು. ಭಾರ ಮೂಳೆ ಮೇಲೆ ಬೀಳುತ್ತೆ, ಸ್ನಾಯುವಿಗೆ ವಿರಾಮ. ಉಸಿರನ್ನು ಒಲೆ ಊದಿದ ಹಾಗೆ ಬಾಯಿಂದ ಜೋರಾಗಿ ಬಿಡುವುದು. ಆಮೇಲೆ ಬೇಕಂತಲೇ ಜಾರಿ ಬಿದ್ದು, ಐಸ್ ಆಕ್ಸ್ ಎದೆಗೆ ಒತ್ತಿ ಹಿಮಕ್ಕೆ ಚುಚ್ಚಿ ನಿಲ್ಲುವುದು. ಹದಿನೈದು ಸಲ ಬಿದ್ದೆ. ಚಿಕ್ಕ ಹುಡುಗಿ ಹಾಗೆ ನಕ್ಕಿದ್ದೆ ಅವತ್ತು.

ಮೂರನೇ ದಿನ ಪ್ಯಾರಡೈಸ್‌ನಿಂದ ಕ್ಯಾಂಪ್ ಮ್ಯೂರ್. ಪ್ಯಾರಡೈಸ್ ಅಂದರೆ ಕಾರು ನಿಲ್ಲಿಸುವ ಜಾಗ, 5,400 ಅಡಿ. ನಮ್ಮ ಕುಮಾರಪರ್ವತದ ತುದಿಯೇ 5,600 ಅಡಿ ಇರೋದು ಅಂತ ನೆನಪಾಗಿ ಅಲ್ಲೇ ಸ್ವಲ್ಪ ಎದೆ ಝಲ್ ಅಂತು. ಮ್ಯೂರ್ 10,000 ಅಡಿ ಮೇಲೆ. ಕೊನೆಯ ಅರ್ಧ ಬರೀ ಹಿಮದ ಇಳಿಜಾರು, ಮುಗಿಯುವುದೇ ಇಲ್ಲ. ಕಣ್ಣೆದುರಿಗೆ ಕಲ್ಲಿನ ಗುಡಿಸಲು ಕಾಣುತ್ತೆ, ಒಂದು ಗಂಟೆ ನಡೆದರೂ ಅಷ್ಟೇ ದೂರದಲ್ಲಿ ಇರುತ್ತೆ. ಹೇಗೋ ತಲುಪಿದೆ. ಸಂಜೆ ಆರಕ್ಕೆ ಮಲಗಿಸಿದರು. ಹಲಗೆಯ ಅಟ್ಟಣಿಗೆ, ಮೇಲೆ ಕೆಳಗೆ ಅಪರಿಚಿತರ ಗೊರಕೆ. ನನಗೆ ನಿದ್ದೆ ಬರಲಿಲ್ಲ.

ರಾತ್ರಿ ಹನ್ನೊಂದೂವರೆಗೆ ಎಬ್ಬಿಸಿದರು. ಬಿಸಿನೀರು ಕೊಟ್ಟರು, ಕಾಫಿಪುಡಿ ಕಲಸಿಕೊಂಡು ಅರ್ಧ ಕುಡಿದೆ. ಒಂದು ಗಂಟೆಗೆ ಹಗ್ಗ ಕಟ್ಟಿಕೊಂಡು ಹೊರಟೆವು. ಒಂದು ಹಗ್ಗದಲ್ಲಿ ಗೈಡ್ ಮತ್ತು ನಾವು ಮೂವರು. ಇಂಗ್ರಹಾಂ ಫ್ಲ್ಯಾಟ್ಸ್‌ನಲ್ಲಿ ಮೊದಲ ವಿಶ್ರಾಂತಿ. ಅಲ್ಲಿಂದ ಮುಂದೆ ಮೇಲಿನಿಂದ ಮಂಜುಗಡ್ಡೆ, ಕಲ್ಲು ಬೀಳುವ ಜಾಗ. ‘ಇಲ್ಲಿ ಏನೇ ಆದರೂ ನಿಲ್ಲಬೇಡಿ’ ಅಂದರು. ಆಮೇಲೆ ಡಿಸಪಾಯಿಂಟ್‌ಮೆಂಟ್ ಕ್ಲೀವರ್ ಅನ್ನುವ ಬಂಡೆಯ ಏಣು. ಕ್ರ್ಯಾಂಪಾನ್ ಹಾಕಿಕೊಂಡೇ ಕಲ್ಲಿನ ಮೇಲೆ ಕರಕರ ಅಂತ ಹತ್ತಬೇಕು. ಕತ್ತಲಲ್ಲಿ ಹೆಡ್‌ಲ್ಯಾಂಪ್ ಬೆಳಕಿಗೆ ಎದುರಿನವರ ಹಿಮ್ಮಡಿ ಬಿಟ್ಟರೆ ಬೇರೇನೂ ಕಾಣಲ್ಲ.

ಅದರ ತಲೆ ತಲುಪಿದಾಗ ನಾಲ್ಕೂ ಕಾಲು. 12,300 ಅಡಿ. ಗಾಳಿ ಇತ್ತು. ಎಲ್ಲರೂ ದಪ್ಪ ಜಾಕೆಟ್ ಹಾಕಿಕೊಂಡು ತಿನ್ನಲು ಕೂತರು. ನಾನೂ ಜಾಕೆಟ್ ತೆಗೆದು ತೊಡೆ ಮೇಲೆ ಇಟ್ಟುಕೊಂಡೆ. ಬೆರಳು ಮರಗಟ್ಟಿತ್ತು, ಜಿಪ್ ನೋಡುತ್ತಾ ಒಂದೆರಡು ನಿಮಿಷ ಕೂತಿದ್ದೆ ಅಷ್ಟೆ. ಗೈಡ್ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಏನು ತಿಂದಿರಿ ಅಂದರು. ಈಗ ತಿನ್ನುತ್ತೇನೆ ಅಂದೆ. ಹಿಂದಿನ ವಿಶ್ರಾಂತಿಯಲ್ಲಿ ಏನು ತಿಂದಿರಿ ಅಂದರು. ಕಡಲೆಮಿಠಾಯಿ ಅಂದೆ. ಅದು ಅರ್ಧ ಸುಳ್ಳು, ಒಂದು ತುಂಡು ಬಾಯಿಗೆ ಹಾಕಿ ಉಗಿದಿದ್ದೆ. ಅವರು ನನ್ನ ಜಾಕೆಟ್ ತಾವೇ ಹಾಕಿ ಜಿಪ್ ಎಳೆದು, ಮೆಲ್ಲಗೆ ಹೇಳಿದರು: ‘ನಿಮ್ಮ ಇವತ್ತಿನ ಶಿಖರ ಇದೇ.’

ನನಗೆ ಕಾಲು ನೋಯುತ್ತಿರಲಿಲ್ಲ. ತಲೆನೋವು ಅಷ್ಟೇನೂ ಇರಲಿಲ್ಲ. ನಡೀತೀನಿ ಅಂದೆ. ಬೇಡಿಕೊಂಡೆ ಅಂತಲೇ ಇಟ್ಟುಕೊಳ್ಳಿ. ಅವರು ಒಪ್ಪಲಿಲ್ಲ. ಇನ್ನೊಬ್ಬ ಗೈಡ್ ಜೊತೆ ನನ್ನನ್ನೂ ಇನ್ನೊಬ್ಬ ಹುಡುಗನನ್ನೂ ಕೆಳಗೆ ಕಳಿಸಿದರು. ಇಳಿಯುವಾಗ ಪಕ್ಕದ ಲಿಟಲ್ ಟಹೋಮಾ ಶಿಖರದ ಹಿಂದೆ ಸೂರ್ಯ ಹುಟ್ಟಿದ. ಎಂಥ ಚಂದ ಅಂತೀರಿ, ನನಗೆ ನೋಡಲು ಮನಸ್ಸೇ ಇರಲಿಲ್ಲ.

ನನ್ನ ಜೊತೆ ಬಂದ ಸಹೋದ್ಯೋಗಿ, ನನಗಿಂತ ಹತ್ತು ಕೆ.ಜಿ. ಜಾಸ್ತಿ ಇರುವವರು, ತುದಿ ಮುಟ್ಟಿ ಬಂದರು.

ದುಡ್ಡು ಕೊಟ್ಟವಳು ನಾನು. ನನ್ನ ಮೈ ನನಗೆ ಗೊತ್ತಿಲ್ವಾ? ನಡೀತೀನಿ ಅಂದವಳನ್ನು ಹೀಗೆ ಎರಡು ನಿಮಿಷದಲ್ಲಿ ನೋಡಿ ಕಳಿಸಬಹುದಾ? ನಿಮಗೇನು ಅನ್ನಿಸುತ್ತೆ, ಮುಲಾಜಿಲ್ಲದೆ ಹೇಳಿ.

ಹುಬ್ಬಳ್ಳಿ ಗಿರ್ಮಿಟ್ · ಜುಲೈ 22, ರಾತ್ರಿ 10:15

ಅಕ್ಕಾರ, ಓದಿ ಹೊಟ್ಟಿ ಉರೀತು. ಎರಡು ಸಾವಿರ ಡಾಲರ್ ಇಸಗೊಂಡು ನಡುದಾರಿಗೆ ಬಿಟ್ಟು ಬಂದ್ರಂದ್ರ ಏನ್ರಿ ಅದು? ಅರ್ಧ ರೊಕ್ಕನಾದ್ರೂ ವಾಪಸ್ ಕೇಳ್ರಿ.

ಖರ್ಚುವೆಚ್ಚ · ಜುಲೈ 22, ರಾತ್ರಿ 10:31

ಕೇಳಿದರೂ ಕೊಡಲ್ಲ. ಸಹಿ ಹಾಕಿದ ಕಾಗದದಲ್ಲಿ ತುದಿ ಮುಟ್ಟಿಸುತ್ತೇವೆ ಅಂತ ಎಲ್ಲೂ ಬರೆದಿರಲ್ಲ. ಹವಾಮಾನ, ದಾರಿಯ ಸ್ಥಿತಿ, ನಿಮ್ಮ ಆರೋಗ್ಯ, ಯಾವುದಕ್ಕೆ ಬೇಕಾದರೂ ತಿರುಗಿಸಬಹುದು ಅಂತಲೇ ಇರುತ್ತೆ. ನಾನು ಕೇಳೋದು ಬೇರೆ: ಅಷ್ಟು ದುಡ್ಡಲ್ಲಿ ಊರಿಗೆ ಹೋಗಿ ಬಂದು ಕೊಡಚಾದ್ರಿ ಹತ್ತಿ, ಕೆಳಗಿಳಿದು ಬಿಸಿ ಬಿಸಿ ಊಟ ಮಾಡಬಹುದಿತ್ತಲ್ಲ?

ಐದನೇ ಮಹಡಿ · ಜುಲೈ 22, ರಾತ್ರಿ 11:02

ಈ ಥರ ಲೆಕ್ಕ ಹಾಕಿದರೆ ಯಾರೂ ಮನೆಯಿಂದ ಹೊರಗೇ ಬರಬಾರದು ಬಿಡಿ.

ನಾನು ಬೆಂಗಳೂರಿನವನು, ಮುಂದಿನ ವರ್ಷ ಅಕ್ಕನ ಮನೆಗೆ ಅಂತ ಆ ಕಡೆ ಬರುವ ಯೋಚನೆ ಇದೆ. ನನಗೂ ಇದೇ ಬೆಟ್ಟದ ಆಸೆ. ಅಪಾರ್ಟ್‌ಮೆಂಟ್ ಮೆಟ್ಟಿಲನ್ನು ದಿನಾ ಬೆನ್ನಿಗೆ ಹನ್ನೆರಡು ಕೆ.ಜಿ. ಹಾಕಿಕೊಂಡು ಹತ್ತಿ ಇಳಿಯುತ್ತಿದ್ದೇನೆ. ಸೆಕ್ಯೂರಿಟಿಯವರು ಲಿಫ್ಟ್ ಕೆಟ್ಟಿದೆಯಾ ಸಾರ್ ಅಂತ ಮೊದಲ ವಾರ ಕೇಳಿದರು, ಈಗ ಕೇಳಲ್ಲ. ಮೇಡಂ, ನೀವು ಏನು ತಯಾರಿ ಮಾಡಿದ್ರಿ?

ಇನ್ನೊಂದು. ಅದು ಸತ್ತ ಜ್ವಾಲಾಮುಖಿ ಅಲ್ವಾ?

ಕಲ್ಲುಮಣ್ಣು · ಜುಲೈ 23, ಬೆಳಗ್ಗೆ 7:20

ಸತ್ತಿಲ್ಲ, ಮಲಗಿದೆ. ನನ್ನ ಹೊಟ್ಟೆಪಾಡು ಭೂವಿಜ್ಞಾನ, ಹಾಗಾಗಿ ಈ ಒಂದು ವಿಷಯಕ್ಕೆ ಬಾಯಿ ಹಾಕುತ್ತೇನೆ.

ಪೆಸಿಫಿಕ್ ತಳದ ಹುವಾನ್ ಡೆ ಫುಕಾ ಅನ್ನುವ ಚಿಪ್ಪು ಉತ್ತರ ಅಮೆರಿಕದ ಅಡಿಗೆ ನುಸುಳುತ್ತಿದೆ. ಅದರಿಂದ ಎದ್ದ ಸಾಲಿನಲ್ಲಿ ಇದೂ ಒಂದು, 1980ರಲ್ಲಿ ಸಿಡಿದ ಸೇಂಟ್ ಹೆಲೆನ್ಸ್ ಇದರ ನೆರೆಮನೆ. ಜನ ಲಾವಾಕ್ಕೆ ಹೆದರುತ್ತಾರೆ. ರೇನಿಯರ್ ವಿಷಯದಲ್ಲಿ ಹೆದರಬೇಕಾದ್ದು ಕೆಸರಿಗೆ. ಒಳಗಿನ ಬಿಸಿ, ಆಮ್ಲದ ನೀರು ಸೇರಿ ಬಂಡೆಯನ್ನು ಒಳಗಿಂದಲೇ ಜೇಡಿಮಣ್ಣಿನ ಹಾಗೆ ಮೆತ್ತಗೆ ಮಾಡಿದೆ. ಮೇಲೆ ಅಷ್ಟೊಂದು ಹಿಮ. ಒಂದು ಪಕ್ಕ ಕುಸಿದರೆ ಎಲ್ಲಾ ಕಲಸಿ ಕಾಂಕ್ರೀಟ್ ಹಾಗೆ ಕಣಿವೆಯಲ್ಲಿ ಹರಿಯುತ್ತೆ. ಸುಮಾರು 5,600 ವರ್ಷದ ಹಿಂದೆ ಹೀಗೆ ಹರಿದದ್ದು ಸಮುದ್ರದ ಹಿನ್ನೀರಿನ ತನಕ ಹೋಗಿತ್ತು. ಸುಮಾರು 500 ವರ್ಷದ ಹಿಂದೆ ಇನ್ನೊಂದು ಬಂತು, ಇವತ್ತಿನ ಆರ್ಟಿಂಗ್ ಊರು ಕೂತಿರುವುದು ಅದರ ಮೇಲೆ. ಅಲ್ಲಿಯ ಶಾಲೆ ಮಕ್ಕಳಿಗೆ ಸೈರನ್ ಕೇಳಿದರೆ ಯಾವ ಕಡೆ ನಡೆಯಬೇಕು ಅಂತ ಅಭ್ಯಾಸ ಮಾಡಿಸುತ್ತಾರೆ.

ತುದಿಯ ಬಾಯಿಯಿಂದ ಈಗಲೂ ಹಬೆ ಬರುತ್ತೆ. ಆ ಹಬೆ ಹಿಮವನ್ನು ಒಳಗಿಂದ ಕರಗಿಸಿ ಗುಹೆ ಮಾಡಿದೆ. 1870ರ ಆಗಸ್ಟ್‌ನಲ್ಲಿ ಹ್ಯಾಜಾರ್ಡ್ ಸ್ಟೀವನ್ಸ್, ಪಿ. ಬಿ. ವ್ಯಾನ್ ಟ್ರಂಪ್ ಇಬ್ಬರೂ ಹತ್ತಿದಾಗ ಕತ್ತಲಾಗಿ ಇಳಿಯಲು ಆಗಲಿಲ್ಲ. ಆ ಗುಹೆಯಲ್ಲೇ ರಾತ್ರಿ ಕಳೆದರು, ಒಂದು ಮಗ್ಗುಲು ಸುಡುತ್ತಾ ಇನ್ನೊಂದು ಮಗ್ಗುಲು ಹೆಪ್ಪುಗಟ್ಟುತ್ತಾ. ಬುಡದ ತನಕ ಅವರಿಗೆ ದಾರಿ ತೋರಿಸಿದವನು ಸ್ಲಸ್ಕಿನ್ ಅನ್ನುವ ಸ್ಥಳೀಯ ಬುಡಕಟ್ಟಿನವನು. ಮೇಲೆ ಹೋಗಬೇಡಿ, ಸಾಯುತ್ತೀರಿ ಅಂತ ಬೇಡಿಕೊಳ್ಳುವ ಹಾಗೆ ಹೇಳಿದ್ದ. ಅಂದರೆ ಆ ಕಾಲದ ಗೈಡ್ ಕೂಡ ‘ತಿರುಗಿ’ ಅಂತಲೇ ಹೇಳಿದ್ದು. ಸುಮ್ನೆ ನೆನಪಾಯ್ತು.

ಮಂಗಳೂರು ಬನ್ಸ್ · ಜುಲೈ 23, ಬೆಳಗ್ಗೆ 9:05

ಮಾರಾಯ್ರೇ, ಮತ್ತೆ ಅವರು ಕೇಳದೆ ಹೋಗಿ ತುದಿ ಮುಟ್ಟಿದರಲ್ಲ! ಸಾಗರದಕ್ಕನಿಗೆ ಇದರಿಂದ ಸಮಾಧಾನ ಆಗುವುದು ಹೇಗೆ?

ಡಾ. ಕಷಾಯ · ಜುಲೈ 23, ಮಧ್ಯಾಹ್ನ 12:48

ಅಕ್ಕ ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಉಗಿದಿದ್ದೆ’ ಅನ್ನುವ ಪದ.

ಸಿಯಾಟಲ್ ಇರುವುದು ಸಮುದ್ರಮಟ್ಟದಲ್ಲಿ. ಅಲ್ಲಿಂದ ಎರಡು ದಿನದಲ್ಲಿ ಹನ್ನೆರಡು ಸಾವಿರ ಅಡಿ ದಾಟಿದ್ದೀರಿ. ಮೈ ಒಗ್ಗಿಕೊಳ್ಳಲು ಇದು ಏನೇನೂ ಸಾಲದು. ತುದಿಯಲ್ಲಿ ಸಿಗುವ ಆಮ್ಲಜನಕ ಕೆಳಗಿನದರ ಸುಮಾರು 60 ಪರ್ಸೆಂಟ್. ಸ್ವಲ್ಪ ತಲೆನೋವು, ಹಸಿವು ಸಾಯುವುದು, ನಿದ್ದೆ ಇಲ್ಲದಿರುವುದು ಇಲ್ಲಿ ಬಹಳ ಜನಕ್ಕೆ ಬರುತ್ತೆ, ಬಂದ ಮಾತ್ರಕ್ಕೆ ಯಾರನ್ನೂ ಇಳಿಸಲ್ಲ. ಆದರೆ ಎತ್ತರ ಮೆದುಳಿಗೆ ಹತ್ತಿದರೆ ಮೊದಲು ಕೆಡುವುದು ಕಾಲಲ್ಲ, ತೀರ್ಮಾನ. ಕುಡಿದವನು ‘ನಾನು ಸರಿಯಾಗೇ ಇದ್ದೀನಿ’ ಅನ್ನುತ್ತಾನಲ್ಲ, ಅದೇ ಥರ. ಮಾತು ನಿಧಾನ ಆಗುವುದು, ಒಂದು ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಆಗದಿರುವುದು ಕಂಡರೆ ಇಳಿಯಲೇಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿದರೆ ಗುಲಾಬಿ ನೊರೆ ಬಂದರೆ ಅದು ಶ್ವಾಸಕೋಶದಲ್ಲಿ ನೀರು, ಅದಕ್ಕೂ ಮದ್ದು ಇಳಿಯುವುದೇ.

ನಿಮಗೆ ಅದೇ ಆಗಿತ್ತು ಅಂತ ನಾನು ಇಲ್ಲಿ ಕೂತು ಹೇಳಲ್ಲ. ಬಹುಶಃ ಬರೀ ಹಸಿವು, ಚಳಿ. ಎತ್ತರದ ಕಾಯಿಲೆ ಬರದ ಹಾಗೆ ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಯಾರಾದರೂ ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ: ಕೆಲಸ ಮಾಡುತ್ತೆ, ಆದರೆ ಸಲ್ಫಾ ಅಲರ್ಜಿ ಇರುವವರು ಹುಷಾರು. ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಮೊದಲೇ ಒಂದು ದಿನ ಮನೆಯಲ್ಲಿ ತಗೊಂಡು ನೋಡಿ. ಬೆರಳು ಜುಮುಜುಮು ಅನ್ನುತ್ತೆ, ಉಚ್ಚೆ ಜಾಸ್ತಿ ಆಗುತ್ತೆ. ಹಗ್ಗ ಕಟ್ಟಿಕೊಂಡವರಿಗೆ ಎರಡನೆಯದು ಸಣ್ಣ ವಿಷಯ ಅಲ್ಲ.

ಹಗ್ಗದ ತುದಿ · ಜುಲೈ 23, ಸಂಜೆ 6:30

ಈ ಬೆಟ್ಟಕ್ಕೆ ಏಳು ಸಲ ಹೋಗಿದ್ದೇನೆ. ಮೊದಲ ಎರಡು ಸಲ ಗೈಡ್ ಜೊತೆ, ಆಮೇಲೆ ನಮ್ಮದೇ ಗೆಳೆಯರ ಗುಂಪು. ಏಳರಲ್ಲಿ ತುದಿ ಸಿಕ್ಕಿದ್ದು ನಾಲ್ಕು. ವರ್ಷಕ್ಕೆ ಸುಮಾರು ಹತ್ತು ಸಾವಿರ ಜನ ಹೊರಡುತ್ತಾರೆ, ಹತ್ತಿರ ಹತ್ತಿರ ಅರ್ಧ ಜನ ಮುಟ್ಟುತ್ತಾರೆ. ಆ ಲೆಕ್ಕದಲ್ಲಿ ನಾನು ಸಾಧಾರಣ ಮನುಷ್ಯ.

ಸಾಗರದಕ್ಕಾ, ಮುಲಾಜಿಲ್ಲದೆ ಹೇಳಿ ಅಂದಿದ್ದೀರಿ, ಹೇಳುತ್ತೇನೆ. ನೀವು ಬರೆದದ್ದನ್ನೇ ಇನ್ನೊಂದು ಸಲ ಓದಿ. ‘ಜಿಪ್ ನೋಡುತ್ತಾ ಒಂದೆರಡು ನಿಮಿಷ ಕೂತಿದ್ದೆ ಅಷ್ಟೆ.’

ಗೈಡ್ ನೋಡಿದ್ದು ಅದನ್ನೇ. ಗಾಳಿ ಬೀಸುವ ಜಾಗದಲ್ಲಿ ನಿಂತ ಕೂಡಲೇ ಮಾಡಬೇಕಾದ ಮೊದಲ ಕೆಲಸ ಜಾಕೆಟ್ ಹಾಕುವುದು, ಎರಡನೆಯದು ತಿನ್ನುವುದು. ಹಿಂದಿನ ದಿನ ಇದನ್ನು ನೂರು ಸಲ ಹೇಳಿರುತ್ತಾರೆ. ಅಷ್ಟು ಹೊತ್ತು ನಡೆದು ಬಂದ ವೇಗವನ್ನೂ ಗಮನಿಸಿರುತ್ತಾರೆ, ಆದರೆ ವಿಶ್ರಾಂತಿಯಲ್ಲಿ ಮನುಷ್ಯ ಏನು ಮಾಡುತ್ತಾನೆ ಅನ್ನೋದನ್ನು ಅದಕ್ಕಿಂತ ಜಾಸ್ತಿ ನೋಡುತ್ತಾರೆ. ಕಾಲು ನಡೆಯುತ್ತೆ. ಹಗ್ಗದಲ್ಲಿ ಎದುರಿನವನು ನಡೆಯುತ್ತಿದ್ದರೆ ನಿದ್ದೆಯಲ್ಲೂ ನಡೆಯುತ್ತೆ. ತನ್ನನ್ನು ತಾನು ನೋಡಿಕೊಳ್ಳಲು ಆಗುತ್ತಾ ಅನ್ನೋದು ಪ್ರಶ್ನೆ.

ಇನ್ನು ಅಲ್ಲೇ ಯಾಕೆ, ಇನ್ನೊಂದು ಗಂಟೆ ನಡೆಸಿ ನೋಡಬಹುದಿತ್ತಲ್ಲ ಅಂದರೆ, ಅದು ಲೆಕ್ಕ. ಗೈಡ್‌ಗಳು ಮೂವರು ಅಂತ ಇಟ್ಟುಕೊಳ್ಳಿ. ಕ್ಲೀವರ್ ತಲೆಯಲ್ಲಿ ಸುಸ್ತಾದವರನ್ನು ಒಟ್ಟು ಮಾಡಿ ಒಬ್ಬ ಗೈಡ್ ಇಳಿಸಿಕೊಂಡು ಹೋಗುತ್ತಾನೆ, ಉಳಿದವರು ಮೇಲಕ್ಕೆ. ಅದಕ್ಕಿಂತ ಮೇಲೆ ಯಾರಾದರೂ ಕೂತುಬಿಟ್ಟರೆ ಇಳಿಸಲು ಬಿಡುವಾಗಿರುವ ಗೈಡ್ ಇರಲ್ಲ. ಹಿಮಬಿರುಕುಗಳ ನಡುವೆ ಒಬ್ಬರನ್ನೇ ಬಿಟ್ಟು ಹೋಗುವ ಹಾಗೂ ಇಲ್ಲ. ಆಗ ಆ ಹಗ್ಗದ ಎಲ್ಲರೂ ತಿರುಗಬೇಕು. ನಿಮ್ಮ ಸಹೋದ್ಯೋಗಿ ತುದಿ ಮುಟ್ಟಿದ್ದರಲ್ಲಿ ನೀವು ಅಲ್ಲೇ ತಿರುಗಿದ್ದರ ಪಾಲೂ ಇದೆ. ಅದರ ಜೊತೆಗೆ, ತುದಿ ಮುಟ್ಟಿದ ಮೇಲೆ ಒಂಬತ್ತು ಸಾವಿರ ಅಡಿ ಇಳಿಯಬೇಕು, ಅದೂ ಬಿಸಿಲೇರಿ ಹಿಮ ಮೆತ್ತಗಾದ ಮೇಲೆ.

ಆ ಬಂಡೆಯ ಹೆಸರು ಗೊತ್ತಲ್ಲ, ನಿರಾಸೆಯ ಬಂಡೆ. ಹಿಂದೊಮ್ಮೆ ಕೆಟ್ಟ ಹವೆಯಲ್ಲಿ ಹತ್ತಿದವರು ಅದರ ತಲೆಯನ್ನೇ ಶಿಖರ ಅಂದುಕೊಂಡಿದ್ದರಂತೆ. ನಾನೂ ಅಲ್ಲಿಂದ ತಿರುಗಿದ್ದೇನೆ, ಮೊದಲ ಸಲ. ಕಾರಣ ನನ್ನ ಹೊಟ್ಟೆ, ವಿವರ ಬೇಡ.

ಹುಬ್ಬಳ್ಳಿ ಗಿರ್ಮಿಟ್ · ಜುಲೈ 23, ರಾತ್ರಿ 8:10

ಹಿಂಗ ನೋಡಿದ್ರ ಖರೇನ ಐತಿ. ನಿನ್ನೆ ಸಿಟ್ಟಿನ್ಯಾಗ ಬರದಿದ್ದೆ. ಆದ್ರೂ ಒಂದು ಪ್ರಶ್ನೆ: ಗೈಡ್ ಇದ್ದ ಮ್ಯಾಲೆ ಜೀವಕ್ಕ ಗ್ಯಾರಂಟಿ ಅಲ್ಲೇನ್ರಿ?

ಹಗ್ಗದ ತುದಿ · ಜುಲೈ 23, ರಾತ್ರಿ 8:55

ಇಲ್ಲ. 1981ರ ಜೂನ್ 21ರಂದು ಇಂಗ್ರಹಾಂ ಹಿಮನದಿ ಮೇಲೆ ಮಂಜುಗಡ್ಡೆ ಕುಸಿದು ಹನ್ನೊಂದು ಜನ ಹೋದರು. ಗೈಡ್ ಜೊತೆ ಬಂದ ಗುಂಪೇ ಅದು. ಹತ್ತು ಜನ ಗಿರಾಕಿಗಳು, ಒಬ್ಬರು ಗೈಡ್. ದೇಹಗಳೂ ಸಿಗಲಿಲ್ಲ, ಹಿಮದಡಿಯೇ ಉಳಿದವು. ಅಮೆರಿಕದ ಪರ್ವತಾರೋಹಣದಲ್ಲಿ ಅಷ್ಟು ಜನ ಒಟ್ಟಿಗೆ ಸತ್ತದ್ದು ಇನ್ನೊಂದಿಲ್ಲ. ‘ಇಲ್ಲಿ ನಿಲ್ಲಬೇಡಿ’ ಅಂತ ಅಕ್ಕನಿಗೆ ಹೇಳಿದರಲ್ಲ, ಆ ಜಾಗವೂ ಅದೇ ಹಿಮನದಿಯದ್ದು. ರಾತ್ರಿ ಹೊರಡುವುದು ಕೂಡ ಇದಕ್ಕೇ. ಚಳಿಗೆ ಗಡ್ಡೆ ಕಲ್ಲು ಎಲ್ಲಾ ಅಂಟಿಕೊಂಡಿರುತ್ತೆ, ಬಿರುಕಿನ ಮೇಲಿನ ಹಿಮದ ಸೇತುವೆ ಗಟ್ಟಿ ಇರುತ್ತೆ.

ದಾರಿಯೂ ಪ್ರತಿ ವಾರ ಬದಲಾಗುತ್ತೆ. ಬಿರುಕು ಅಗಲವಾದರೆ ಅಲ್ಯೂಮಿನಿಯಂ ಏಣಿ ಅಡ್ಡ ಹಾಕುತ್ತಾರೆ. ಬೇಸಿಗೆ ಬಿಸಿ ಜಾಸ್ತಿಯಾದ ವರ್ಷ ದಾರಿಯೇ ಕಡಿದು ಹೋಗಿ ಸೀಸನ್ ಬೇಗ ಮುಗಿಸಿದ್ದೂ ಇದೆ.

ನಮ್ಮ ದೇಶದವರಿಗೆ ಹೆಮ್ಮೆಯ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲಿ ಎಷ್ಟು ಜನಕ್ಕೆ ಗೊತ್ತೋ. ಎವರೆಸ್ಟನ್ನು ಮೊದಲು ಎರಡು ಸಲ ಹತ್ತಿದ ಮನುಷ್ಯ ಡಾರ್ಜಿಲಿಂಗ್‌ನ ನವಾಂಗ್ ಗೊಂಬು. 1963ರಲ್ಲಿ ಅಮೆರಿಕದ ತಂಡದಲ್ಲಿ, ರೇನಿಯರ್ ಗೈಡ್ ಆಗಿದ್ದ ಜಿಮ್ ವಿಟ್ಟೇಕರ್ ಜೊತೆ. 1965ರಲ್ಲಿ ಭಾರತದ ತಂಡದಲ್ಲಿ. ಆಮೇಲೆ ಎಷ್ಟೋ ಬೇಸಿಗೆ ಇದೇ ರೇನಿಯರ್‌ಗೆ ಬಂದು ಗೈಡ್ ಕೆಲಸ ಮಾಡಿದರು.

ಐದನೇ ಮಹಡಿ · ಜುಲೈ 24, ಬೆಳಗ್ಗೆ 8:12

ಅಬ್ಬಾ, ಗೊಂಬು ವಿಷಯ ಗೊತ್ತಿರಲಿಲ್ಲ.

ಸಸ್ಯಾಹಾರಿಗಳಿಗೆ ಮೇಲೆ ತಿನ್ನಲು ಏನು? ಗೊಜ್ಜವಲಕ್ಕಿ ನಡೆಯುತ್ತಾ? ಮತ್ತೆ, ಹೇಗೆ ಕೇಳೋದು… ಶೌಚಕ್ಕೆ?

ಹಗ್ಗದ ತುದಿ · ಜುಲೈ 24, ಬೆಳಗ್ಗೆ 10:40

ಮ್ಯೂರ್‌ನಲ್ಲಿ ಶೌಚಾಲಯ ಇದೆ. ಅದರಿಂದ ಮೇಲೆ ಹೋದರೆ ನೀಲಿ ಚೀಲ. ನಿಮ್ಮದನ್ನು ನೀವೇ ಕಟ್ಟಿಕೊಂಡು ಕೆಳಗೆ ತರಬೇಕು, ಪಾರ್ಕ್‌ನ ನಿಯಮ. ಮೊದಲ ಸಲ ಮರ್ಯಾದೆ ಪ್ರಶ್ನೆ ಅನ್ನಿಸುತ್ತೆ, ಆಮೇಲೆ ಏನೂ ಅನ್ನಿಸಲ್ಲ.

ಗೊಜ್ಜವಲಕ್ಕಿ ಮ್ಯೂರ್ ತನಕ ಭೇಷ್. ಬಿಸಿನೀರು ಕೊಡುತ್ತಾರೆ, ಹತ್ತು ನಿಮಿಷ ಮುಚ್ಚಿಟ್ಟರೆ ಆಯ್ತು. ಪಕ್ಕದವರು ಡಬ್ಬಿಯ ಪಾಸ್ಟಾ ತಿನ್ನುತ್ತಾ ನಿಮ್ಮ ಬಟ್ಟಲನ್ನೇ ನೋಡುತ್ತಾರೆ. ಅಲ್ಲಿಂದ ಮೇಲೆ ಅದು ನಡೆಯಲ್ಲ, ಬಾಯಿ ಒಣಗಿರುತ್ತೆ, ಅಗಿಯಲು ಆಗಲ್ಲ. ಕಡಲೆಮಿಠಾಯಿ ಚಳಿಗೆ ಕಲ್ಲಾಗುತ್ತೆ, ಅಕ್ಕ ಉಗಿದದ್ದಕ್ಕೆ ಅದೂ ಕಾರಣ ಇರಬಹುದು. ನಾನು ಬೆಲ್ಲ ತುಪ್ಪದ ತಂಬಿಟ್ಟನ್ನು ಗೋಲಿಯಷ್ಟು ಸಣ್ಣ ಉಂಡೆ ಮಾಡಿ, ಮೈಗೆ ಅಂಟಿದ ಒಳಜೇಬಲ್ಲಿ ಇಟ್ಟುಕೊಳ್ಳುತ್ತೇನೆ. ಮೆತ್ತಗೇ ಇರುತ್ತೆ. ಉಪ್ಪು ಖಾರ ಬೇಕು ಅನ್ನಿಸಿದಾಗ ಹುರಿದ ಹೆಸರುಬೇಳೆ. ನೀರಿನ ಬಾಟಲಿ ತಲೆಕೆಳಗೆ ಇಡಿ, ಹೆಪ್ಪುಗಟ್ಟುವುದು ಮೇಲಿಂದ ಶುರು ಆಗುತ್ತೆ, ಮುಚ್ಚಳದ ಕಡೆ ನೀರು ಉಳಿಯುತ್ತೆ.

ಇನ್ನೊಂದು, ಯಾರೂ ಹೇಳಲ್ಲ ಇದನ್ನು: ಕ್ರ್ಯಾಂಪಾನ್ ಹಾಕಿದಾಗ ಕಾಲು ಅಗಲಿಸಿ ನಡೆಯಿರಿ, ಪಂಚೆ ಉಟ್ಟು ಗದ್ದೆ ಬದುವಿನ ಮೇಲೆ ಹೋಗುವವರ ಹಾಗಲ್ಲ. ಸುಸ್ತಾದಾಗ ಒಂದು ಕಾಲಿನ ಮೊನೆ ಇನ್ನೊಂದರ ಗೇಟರ್‌ಗೆ (ಹಿಮ ಒಳಗೆ ಹೋಗದ ಹಾಗೆ ಬೂಟಿನ ಮೇಲಿಂದ ಮೊಣಕಾಲ ಕೆಳಗಿನ ತನಕ ಹಾಕುವ ಬಟ್ಟೆಯ ಕವಚ) ಸಿಕ್ಕಿ ಹರಿಯುತ್ತೆ, ಮುಗ್ಗರಿಸುತ್ತೀರಿ. ನನ್ನ ಹತ್ತಿರ ಒಳ್ಳೆ ಗೇಟರ್ ಒಂದು ಜೊತೆ ಜಾಸ್ತಿ ಇದೆ. ಈ ಕಡೆ ಇರುವವರಿಗೆ ಬೇಕಾದರೆ ಕೊಡುತ್ತೇನೆ, ಹರಿಯದೆ ವಾಪಸ್ ಕೊಡಬೇಕು.

ಬೆನ್ನುಚೀಲ · ಜುಲೈ 24, ಮಧ್ಯಾಹ್ನ 2:20

ನಾನು ರಷ್ಯಾದ ಎಲ್ಬ್ರಸ್ ಪರ್ವತಕ್ಕೆ ಹೋಗಿದ್ದೆ, 5,642 ಮೀಟರ್. ಎತ್ತರದಲ್ಲಿ ರೇನಿಯರ್‌ಗಿಂತ ಎಷ್ಟೋ ಮೇಲೆ. ಆದರೆ ಅಲ್ಲಿ ಕೇಬಲ್ ಕಾರ್ ಇದೆ, ಅದರ ಮೇಲೆ ಹಿಮದ ಟ್ರ್ಯಾಕ್ಟರಿನಂಥ ಗಾಡಿ ಬಾಡಿಗೆಗೆ ಸಿಗುತ್ತೆ, ಅರ್ಧ ಬೆಟ್ಟ ಕೂತೇ ಹತ್ತಬಹುದು. ಇಲ್ಲಿ ಪಾರ್ಕಿಂಗ್‌ನಿಂದ ಒಂಬತ್ತು ಸಾವಿರ ಅಡಿಯೂ ಸ್ವಂತ ಕಾಲು. ಎತ್ತರದ ಅಂಕಿ ನೋಡಿ ಬೆಟ್ಟಗಳನ್ನು ಹೋಲಿಸಬೇಡಿ ಅಂತ ಅಷ್ಟೇ.

ಸಾಗರದಕ್ಕ · ಜುಲೈ 24, ರಾತ್ರಿ 11:30

ಎಲ್ಲರದ್ದೂ ಓದಿದೆ. ‘ಹಗ್ಗದ ತುದಿ’ ಬರೆದದ್ದನ್ನು ಯಜಮಾನರಿಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ಮನೆಗೆ ಬಂದಾಗ ನೀನು ಎಡಗಾಲಿಗೆ ಎರಡು ಸಾಕ್ಸು ಹಾಕಿದ್ದೆ, ಬಲಗಾಲಿಗೆ ಒಂದು’ ಅಂದರು. ನನಗೆ ಗೊತ್ತೇ ಇರಲಿಲ್ಲ.

ತಯಾರಿ ಕೇಳಿದ್ರಿ. ವಾರಕ್ಕೆ ನಾಲ್ಕು ದಿನ ಜಿಮ್, ಶನಿವಾರ ಮೌಂಟ್ ಸೈ ಅನ್ನೋ ಗುಡ್ಡ. ಆದರೆ ಯಾವತ್ತೂ ರಾತ್ರಿ ಎದ್ದು ನಡೆದವಳಲ್ಲ. ಹೊಟ್ಟೆ ತೊಳೆಸುವಾಗ ತಿಂದು ಅಭ್ಯಾಸ ಇಲ್ಲ. ಗ್ಲೌಸ್ ಹಾಕಿಕೊಂಡು ಜಿಪ್ ಎಳೆದು ಅಭ್ಯಾಸ ಮಾಡಿದವಳಂತೂ ಅಲ್ಲವೇ ಅಲ್ಲ.

ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ‘ನಿಮ್ಮ ಇವತ್ತಿನ ಶಿಖರ ಇದೇ’ ಅನ್ನುವ ಸಿಹಿ ಮಾತಿನ ಬದಲು ‘ನಿಮಗೆ ಜಾಕೆಟ್ ಹಾಕಿಕೊಳ್ಳಲು ಆಗುತ್ತಿಲ್ಲ, ನೋಡಿ’ ಅಂದಿದ್ದರೆ ಅವತ್ತೇ ಅರ್ಥ ಆಗುತ್ತಿತ್ತು. ಗೇಟರ್ ನನಗೆ ಬೇಕು. ಮೆಸೇಜ್ ಮಾಡುತ್ತೇನೆ.

ಖರ್ಚುವೆಚ್ಚ · ಜುಲೈ 25, ಬೆಳಗ್ಗೆ 6:58

ಅಂದರೆ ಇನ್ನೂ ಎರಡು ಸಾವಿರ ಡಾಲರ್!

ಸಾಗರದಕ್ಕ · ಮುಂದಿನ ವರ್ಷ ಜುಲೈ 16, ಸಂಜೆ 5:15

ಹಳೆಯ ಮಾತುಕತೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಮತ್ತೆ ಹೋಗಿ ಬಂದೆ. ಬೇರೆ ಕಂಪನಿ, ಬೇರೆ ಗೈಡ್. ಬೆಲೆ ಹತ್ತಿರ ಹತ್ತಿರ ಅಷ್ಟೇ, ‘ಖರ್ಚುವೆಚ್ಚ’ ಅವರು ಕೂಡಿಸಿಕೊಳ್ಳಬಹುದು.

ಚಳಿಗಾಲ ಪೂರ್ತಿ ನಮ್ಮ ಹಿತ್ತಲಲ್ಲಿ ರಾತ್ರಿ ದಪ್ಪ ಗ್ಲೌಸ್ ಹಾಕಿಕೊಂಡು ಕ್ರ್ಯಾಂಪಾನ್ ಕಟ್ಟುವುದು, ಬಿಚ್ಚುವುದು, ಜಾಕೆಟ್ ಹಾಕುವುದು, ತೆಗೆಯುವುದು. ಪಕ್ಕದ ಮನೆಯವರು ಒಂದು ದಿನ ಟಾರ್ಚ್ ಬಿಟ್ಟು ನೋಡಿದರು. ತಂಬಿಟ್ಟಿನ ಉಂಡೆಯನ್ನು ಗಂಟೆಗೆ ಎರಡು, ಬೇಕೋ ಬೇಡವೋ, ಮಾತ್ರೆ ನುಂಗಿದ ಹಾಗೆ ತಿಂದೆ.

ಕ್ಲೀವರ್ ತಲೆಗೆ ಈ ಸಲ ನಾಲ್ಕಕ್ಕೆ ಮುಂಚೆಯೇ ಬಂದೆವು. ನಿಂತೆ, ಜಾಕೆಟ್ ಹಾಕಿದೆ, ಜಿಪ್ ಎಳೆದೆ, ಆಮೇಲೆ ಕೂತೆ. ಗೈಡ್ ನನ್ನ ಕಡೆ ಬಂದು ಹಾಗೇ ದಾಟಿಕೊಂಡು ಹೋದರು. ನಮ್ಮ ಹಗ್ಗದ ಒಬ್ಬ ಹುಡುಗ, ಇಪ್ಪತ್ತೈದೋ ಇಪ್ಪತ್ತಾರೋ, ಮ್ಯಾರಥಾನ್ ಓಡುವವನು, ಚೀಲದ ಮೇಲೆ ಕೂತು ಬಾಟಲಿಯ ಮುಚ್ಚಳವನ್ನೇ ನೋಡುತ್ತಿದ್ದ. ಗೈಡ್ ಅವನ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ನಾನು ಆ ಕಡೆ ನೋಡಲಿಲ್ಲ.

ಮೇಲಿನ ದಾರಿ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಉಸಿರು ಊದುವುದು, ಹೆಜ್ಜೆ ಇಡುವುದು, ಒಂದು ಕಡೆ ಏಣಿ. ಏಣಿಯ ಕೆಳಗೆ ನೋಡಬೇಡಿ ಅಂದಿದ್ದರು, ನೋಡಿದೆ. ಮೊದಲು ನೀಲಿ, ಆಮೇಲೆ ಕಡುನೀಲಿ, ಆಮೇಲೆ ಏನೂ ಇಲ್ಲ.

ಏಳು ಗಂಟೆ ಹೊತ್ತಿಗೆ ಜ್ವಾಲಾಮುಖಿಯ ಬಾಯಿಯ ಅಂಚು ದಾಟಿ ಒಳಗೆ ಇಳಿದೆವು. ಗಾಳಿ ಟಪ್ ಅಂತ ನಿಂತಿತು. ದೊಡ್ಡ ಬಟ್ಟಲಿನ ತುಂಬ ಹಿಮ. ಆದರೆ ಅಂಚಿನ ಉದ್ದಕ್ಕೂ ಹಿಮ ಇಲ್ಲದ ಬೋಳು ಕಲ್ಲು, ಅದರ ಸಂದಿಯಿಂದ ಸಣ್ಣಗೆ ಹಬೆ. ಗ್ಲೌಸ್ ತೆಗೆದು ಕೈ ಇಟ್ಟೆ. ಬೆಚ್ಚಗಿತ್ತು. ಬಚ್ಚಲ ಒಲೆ ಆರಿಸಿದ ಎಷ್ಟೋ ಹೊತ್ತಿನ ಮೇಲೆ ಹಂಡೆ ಇರುತ್ತಲ್ಲ, ಅಷ್ಟು.

ಬಟ್ಟಲನ್ನು ಅಡ್ಡ ದಾಟಿ ಆ ಕಡೆ, ಬೆಟ್ಟದ ತುತ್ತತುದಿ ಅನ್ನಿಸಿಕೊಂಡ ಕೊಲಂಬಿಯಾ ಕ್ರೆಸ್ಟ್‌ಗೆ ಹೋಗಿ ಬರಲು ಇನ್ನೂ ಮುಕ್ಕಾಲು ಗಂಟೆ. ಯಾರು ಬರುತ್ತೀರಿ ಅಂದರು. ಇಬ್ಬರು ಎದ್ದರು. ನಾನು ಇಳಿಯುವ ಕಾಲಿನ ಲೆಕ್ಕ ಹಾಕಿ ಬೇಡ ಅಂದೆ, ಆ ಕಲ್ಲಿಗೆ ಬೆನ್ನು ಕೊಟ್ಟು ಉಳಿದ ತಂಬಿಟ್ಟು ತಿಂದೆ. ತುದಿ ಮುಟ್ಟಿದ ಹಾಗೆ ಲೆಕ್ಕವೋ ಅಲ್ಲವೋ ನೀವೇ ಜಗಳ ಆಡಿಕೊಳ್ಳಿ.

ಮಂಗಳೂರು ಬನ್ಸ್ · ಮುಂದಿನ ವರ್ಷ ಜುಲೈ 16, ಸಂಜೆ 5:50

ಲೆಕ್ಕವೇ ಮಾರಾಯ್ರೇ!! ಸಿಹಿ ಎಲ್ಲಿ?

ಐದನೇ ಮಹಡಿ · ಮುಂದಿನ ವರ್ಷ ಜುಲೈ 16, ಸಂಜೆ 6:04

ನನ್ನದು ಆಗಸ್ಟ್ ಮೊದಲ ವಾರ. ಆ ಏಣಿಯ ವಿಷಯ ನನಗೆ ಹೇಳಬಾರದಿತ್ತು ನೀವು.

ಸಾಗರದಕ್ಕ · ಮುಂದಿನ ವರ್ಷ ಜುಲೈ 16, ಸಂಜೆ 6:20

‘ಹಗ್ಗದ ತುದಿ’ ಅವರೇ, ಗೇಟರ್ ಶನಿವಾರ ತಂದುಕೊಡುತ್ತೇನೆ. ಎಡಗಾಲಿನದು ಒಳಪಕ್ಕದಲ್ಲಿ ಮೂರು ಬೆರಳಷ್ಟು ಹರಿದಿದೆ, ಇಳಿಯುವಾಗ ಆದದ್ದು. ಹೊಲಿದಿದ್ದೇನೆ, ಆದರೆ ದಾರದ ಬಣ್ಣ ಹೊಂದಲಿಲ್ಲ.